ರೇಜರ್ ಮುಟ್ಟಿಸಿದರೆ ಕೂದಲು ದಪ್ಪ ಬರುತ್ತಾ? ಉತ್ತರ ಇರುವುದು ಚರ್ಮದ ಕೆಳಗೆ

ಕಳೆದ ತಿಂಗಳು ಅಕ್ಕನ ಮಗಳು ಫೋನ್ ಮಾಡಿದ್ದಳು. ಹಾಸ್ಟೆಲಿನಲ್ಲಿ ಅವಳ ಗೆಳತಿಯರೆಲ್ಲ ಮುಖಕ್ಕೆ ಪುಟ್ಟ ರೇಜರ್ ಬಳಸುತ್ತಾರಂತೆ. ಇವಳೂ ಒಂದು ತರಿಸಿಕೊಂಡಿದ್ದಾಳೆ. ರಜೆಗೆ ಊರಿಗೆ ಹೋದಾಗ ಅದು ಅಜ್ಜಿಯ ಕಣ್ಣಿಗೆ ಬಿದ್ದಿದೆ. "ಒಂದು ಸಲ ಬ್ಲೇಡ್ ತಾಗಿಸಿದೆ ಅಂದ್ರೆ ಮುಗೀತು, ಆಮೇಲೆ ಗಂಡಸರ ಹಾಗೆ ಗಡ್ಡ ಬರುತ್ತೆ" ಎಂದು ಅಜ್ಜಿ ಅದನ್ನು ಎತ್ತಿಟ್ಟುಬಿಟ್ಟಿದ್ದಾರೆ. "ಚಿಕ್ಕಮ್ಮ, ನಿಜ ಹೇಳಿ, ಹಾಗಾಗುತ್ತಾ?" ಎಂದು ಕೇಳಿದಳು.

ಈ ಪ್ರಶ್ನೆ ಈಗ ಎಷ್ಟೋ ಮನೆಗಳಲ್ಲಿ ಎದ್ದಿದೆ. ಹೆಣ್ಣುಮಕ್ಕಳ ಮುಖಕ್ಕೆಂದೇ ಮಾಡಿದ ರೇಜರ್ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಸಣ್ಣ ಊರುಗಳಲ್ಲೂ ಲೇಸರ್ ಬೋರ್ಡ್ ಕಾಣುತ್ತದೆ. ಮನೆಯಲ್ಲೇ ಬಳಸುವ ಬೆಳಕಿನ ಯಂತ್ರಗಳ ಜಾಹೀರಾತು ಫೋನಿನಲ್ಲಿ ಬರುತ್ತಲೇ ಇರುತ್ತದೆ. ಯಾವುದು ಕೂದಲಿಗೆ ಏನು ಮಾಡುತ್ತದೆ ಎಂದು ತಿಳಿಯದೆ ದುಡ್ಡು ಸುರಿಯುವವರೂ ಇದ್ದಾರೆ, ಹೆದರಿ ಸುಮ್ನೆ ಕೂತವರೂ ಇದ್ದಾರೆ. ಅದಕ್ಕೇ ಬುಡದಿಂದಲೇ ಶುರು ಮಾಡೋಣ.

ಕಾಣುವ ಕೂದಲಿಗೆ ಜೀವವಿಲ್ಲ

ನಮ್ಮ ಕಣ್ಣಿಗೆ ಕಾಣುವ ಕೂದಲು ಸತ್ತ ವಸ್ತು. ಉಗುರಿನ ತುದಿ ಇದೆಯಲ್ಲ, ಹಾಗೆ. ಎರಡೂ ಆಗಿರುವುದು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನಿಂದ. ಅದರಲ್ಲಿ ರಕ್ತವಿಲ್ಲ, ನರವಿಲ್ಲ. ಕತ್ತರಿಸಿದರೆ ನೋವಾಗದಿರುವುದು ಇದಕ್ಕೇ.

ಜೀವ ಇರುವುದು ಚರ್ಮದ ಒಳಗೆ. ಪ್ರತಿ ಕೂದಲೂ ಒಂದು ಕಿರಿದಾದ ಕೊಳವೆಯಂಥ ಗುಳಿಯಲ್ಲಿ ಕೂತಿರುತ್ತದೆ. ಡಾಕ್ಟರುಗಳು ಇದನ್ನು ಫಾಲಿಕಲ್ ಎನ್ನುತ್ತಾರೆ. ಕನ್ನಡದಲ್ಲಿ ರೋಮಕೂಪ. ಕೂಪ ಅಂದರೆ ಬಾವಿ. ಈ ಬಾವಿಯ ತಳದಲ್ಲಿ ಈರುಳ್ಳಿ ಗಡ್ಡೆಯ ಆಕಾರದ ಒಂದು ಉಬ್ಬು ಇದೆ. ಅಲ್ಲಿಗೆ ಸಣ್ಣ ರಕ್ತನಾಳಗಳು ಬಂದು ಆಹಾರ ಕೊಡುತ್ತವೆ. ಅಲ್ಲಿನ ಜೀವಕೋಶಗಳು ಬಹಳ ಬೇಗ ಒಂದು ಎರಡಾಗಿ, ಎರಡು ನಾಲ್ಕಾಗಿ, ಹಳೆಯವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಮೇಲೆ ಬರುತ್ತಾ ಬರುತ್ತಾ ಅವು ಗಟ್ಟಿಯಾಗಿ ಸಾಯುತ್ತವೆ. ಶಾವಿಗೆ ಒರಳಿನಲ್ಲಿ ಒತ್ತಿದಾಗ ಹಿಟ್ಟು ಎಳೆಯಾಗಿ ಹೊರಗೆ ಬರುವುದಿಲ್ಲವೇ, ಹಾಗೆ. ಎಳೆ ಎಷ್ಟು ದಪ್ಪ ಇರಬೇಕು ಎನ್ನುವುದು ಅಚ್ಚಿನ ತೂತಿನ ಮೇಲೆ ನಿಂತಿದೆ. ಹೊರಗೆ ಬಂದ ಎಳೆಯನ್ನು ಕತ್ತರಿಸಿದರೆ ತೂತು ದೊಡ್ಡದಾಗುವುದಿಲ್ಲ.

ಇದೊಂದು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಒಂದು ವಿಧಾನ ಎಷ್ಟು ಆಳಕ್ಕೆ ಮುಟ್ಟುತ್ತದೆ ಎನ್ನುವುದೇ ಕೂದಲು ಯಾವಾಗ, ಹೇಗೆ ವಾಪಸ್ ಬರುತ್ತದೆ ಎಂದು ತೀರ್ಮಾನಿಸುತ್ತದೆ.

ಮೈಮೇಲೆ ಸುಮಾರು 50 ಲಕ್ಷ ರೋಮಕೂಪಗಳಿವೆ. ಅದರಲ್ಲಿ ಸುಮಾರು 1 ಲಕ್ಷ ತಲೆಯಲ್ಲಿ. ಹುಟ್ಟುವಾಗ ಎಷ್ಟಿವೆಯೋ ಅಷ್ಟೇ, ಆಮೇಲೆ ಹೊಸದು ಹುಟ್ಟುವುದಿಲ್ಲ. ಬದಲಾಗುವುದು ಅವು ಕೊಡುವ ಕೂದಲಿನ ಜಾತಿ. ಕೆನ್ನೆ ಮೇಲೆ ಬಿಸಿಲಿಗೆ ಹಿಡಿದರೆ ಮಾತ್ರ ಕಾಣುವ ನವಿರಾದ ನೂಗೂದಲು ಒಂದು ಬಗೆ. ತಲೆ, ಕಂಕುಳು, ಗಡ್ಡದ ಕಪ್ಪು ದಪ್ಪ ಕೂದಲು ಇನ್ನೊಂದು ಬಗೆ. ನೂಗೂದಲು ಕೊಡುತ್ತಿದ್ದ ಬಾವಿಯೇ ಮುಂದೊಂದು ದಿನ ದಪ್ಪ ಕೂದಲು ಕೊಡಬಹುದು. ಹಾಗೆ ಮಾಡು ಎಂದು ಅದಕ್ಕೆ ಹೇಳುವುದು ಹಾರ್ಮೋನು. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಒಂದೊಂದು ಕೂದಲಿಗೂ ಅದರದೇ ಕಾಲ

ಕೂದಲು ಸದಾ ಬೆಳೆಯುತ್ತಾ ಇರುವುದಿಲ್ಲ. ಹೊಲದ ಹಾಗೆ ಅದಕ್ಕೂ ಬೆಳೆಯುವ ಕಾಲ, ಮುಗಿಯುವ ಕಾಲ, ಬೀಳು ಬಿಡುವ ಕಾಲ ಇವೆ. ತಲೆಗೂದಲು 2ರಿಂದ 6 ವರ್ಷ ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರದಲ್ಲಿ ಬುಡ ಮುದುಡಿಕೊಳ್ಳುತ್ತದೆ. ನಂತರ ಸುಮಾರು 3 ತಿಂಗಳು ವಿಶ್ರಾಂತಿ. ಕೊನೆಗೆ ಹಳೆಯದು ಉದುರಿ ಅದೇ ಜಾಗದಲ್ಲಿ ಹೊಸದು ಹೊರಡುತ್ತದೆ. ದಿನಕ್ಕೆ 50ರಿಂದ 100 ತಲೆಗೂದಲು ಉದುರುವುದು ಸಹಜ ಎನ್ನುವುದು ಈ ಲೆಕ್ಕದಿಂದ.

ಹುಬ್ಬು, ಕೈಕಾಲಿನ ಕೂದಲಿಗೆ ಬೆಳೆಯುವ ಕಾಲ ಬಹಳ ಚಿಕ್ಕದು. ಕೆಲವೇ ವಾರ ಅಥವಾ ತಿಂಗಳು. ಹುಬ್ಬು ಜಡೆಯಷ್ಟು ಉದ್ದ ಆಗದಿರುವುದು ಅದಕ್ಕೇ. ಅದನ್ನು ಯಾರೂ ಕತ್ತರಿಸಬೇಕಿಲ್ಲ, ಕಾಲ ಮುಗಿದ ಕೂಡಲೇ ತಾನೇ ನಿಲ್ಲುತ್ತದೆ.

ಇನ್ನೊಂದು ಮುಖ್ಯ ವಿಷಯ. ಅಕ್ಕಪಕ್ಕದ ಕೂದಲುಗಳೆಲ್ಲ ಒಂದೇ ಹಂತದಲ್ಲಿ ಇರುವುದಿಲ್ಲ. ಒಂದು ಬೆಳೆಯುತ್ತಿದ್ದರೆ ಪಕ್ಕದ್ದು ಮಲಗಿರುತ್ತದೆ. ವ್ಯಾಕ್ಸಿಂಗ್ ಆದ ಹತ್ತೇ ದಿನಕ್ಕೆ ಅಲ್ಲಲ್ಲಿ ಕೂದಲು ಕಾಣುವುದು, ಲೇಸರ್‌ಗೆ ಆರೆಂಟು ಸಲ ಹೋಗಬೇಕಾಗುವುದು, ಎರಡಕ್ಕೂ ಇದೇ ಕಾರಣ.

ರೇಜರ್: ದಪ್ಪ ಅನ್ನಿಸುತ್ತದೆ, ಆಗಿರುವುದಿಲ್ಲ

ರೇಜರ್ ಚರ್ಮದ ಮಟ್ಟದಲ್ಲಿ ಕೂದಲನ್ನು ಕತ್ತರಿಸುತ್ತದೆ, ಅಷ್ಟೇ. ಕೆಲವು ಮಿಲಿಮೀಟರ್ ಕೆಳಗಿರುವ ಬುಡಕ್ಕೆ ಈ ವಿಷಯ ಗೊತ್ತೇ ಆಗುವುದಿಲ್ಲ. ಸತ್ತ ಎಳೆಯ ಮೂಲಕ ಸುದ್ದಿ ಕೆಳಗಿಳಿಯುವ ದಾರಿಯೇ ಇಲ್ಲ.

ಹಾಗಾದರೆ ಅಜ್ಜಿ ಸುಳ್ಳು ಹೇಳಿದರಾ? ಇಲ್ಲ. ಅವರು ಕಂಡದ್ದನ್ನೇ ಹೇಳಿದ್ದಾರೆ. ಬೋಳಿಸಿದ ಮೇಲೆ ಬರುವ ಕೂದಲು ಕೈಗೆ ಚುಚ್ಚುತ್ತದೆ, ಕಣ್ಣಿಗೆ ಕಪ್ಪಾಗಿ ಕಾಣುತ್ತದೆ. ಯಾಕೆ ಎನ್ನುವುದಕ್ಕೆ ಗದ್ದೆಗೆ ಹೋಗಬೇಕು. ಭತ್ತ ನಿಂತಿರುವಾಗ ನಡುವೆ ನಡೆದರೆ ಗರಿಗಳ ತುದಿ ಕಾಲಿಗೆ ಮೆತ್ತಗೆ ಸವರುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಬರಿಗಾಲಲ್ಲಿ ಕಾಲಿಟ್ಟು ನೋಡಿ. ಕೂಳೆ ಚುಚ್ಚುತ್ತದೆ. ಭತ್ತದ ಗಿಡ ದಪ್ಪವಾಯಿತೇ? ಇಲ್ಲ. ಮೊನಚಾದ ತುದಿ ಹೋಗಿ ಬುಡದ ಮೊಂಡು ತುಂಡು ಉಳಿಯಿತು.

ಕೂದಲಿನಲ್ಲೂ ಇದೇ ಆಗುತ್ತದೆ. ಎಂದೂ ಕತ್ತರಿಸದ ಕೂದಲಿನ ತುದಿ ಸೂಜಿಯ ಹಾಗೆ ಸಣ್ಣಗಾಗುತ್ತಾ ಹೋಗಿರುತ್ತದೆ. ಬಿಸಿಲು, ಸೋಪು, ಉಜ್ಜಾಟಕ್ಕೆ ಸಿಕ್ಕಿ ಬಣ್ಣವೂ ಸ್ವಲ್ಪ ಮಾಸಿರುತ್ತದೆ. ಬ್ಲೇಡ್ ಆ ಸಣ್ಣ ತುದಿಯನ್ನು ತೆಗೆದುಬಿಡುತ್ತದೆ. ಮರುದಿನ ಮೇಲೆ ಬರುವುದು ಚಪ್ಪಟೆಯಾಗಿ ಕತ್ತರಿಸಿದ, ಬಿಸಿಲು ಕಾಣದ ಕಪ್ಪು ಭಾಗ. ಗಿಡ್ಡಗಿರುವುದರಿಂದ ಬಾಗುವುದೂ ಇಲ್ಲ, ನೆಟ್ಟಗೆ ನಿಲ್ಲುತ್ತದೆ. ಜೊತೆಗೆ ರೇಜರ್ ಎಲ್ಲವನ್ನೂ ಒಂದೇ ಮಟ್ಟಕ್ಕೆ ಕತ್ತರಿಸಿರುವುದರಿಂದ ಬೆಳೆಯುವವು ಒಟ್ಟಿಗೇ ತಲೆ ಎತ್ತುತ್ತವೆ. ಕಣ್ಣಿಗೆ ಜಾಸ್ತಿ ಕಂಡಂತಾಗುತ್ತದೆ. ಅದನ್ನು ಹಾಗೇ ಕೆಲವು ವಾರ ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ.

ಇದನ್ನು ಅಳತೆ ಮಾಡಿ ನೋಡಿದವರೂ ಇದ್ದಾರೆ. 1928ರಲ್ಲಿ ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ನಾಲ್ವರು ಗಂಡಸರ ಗಡ್ಡ ಬೋಳಿಸಿ, ಬಂದ ಕೂದಲನ್ನು ಪರೀಕ್ಷಿಸಿದರು. ದಪ್ಪ, ಬಣ್ಣ, ಬೆಳೆಯುವ ವೇಗ ಯಾವುದೂ ಬದಲಾಗಿರಲಿಲ್ಲ. 1970ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಐವರು ಯುವಕರು ಹಲವು ತಿಂಗಳು, ವಾರಕ್ಕೊಮ್ಮೆ ಒಂದು ಕಾಲನ್ನು ಮಾತ್ರ ಬೋಳಿಸಿಕೊಂಡರು. ಇನ್ನೊಂದು ಕಾಲನ್ನು ಹಾಗೇ ಬಿಟ್ಟರು. ಎರಡೂ ಕಾಲಿನ ಕೂದಲಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಎರಡೂ ಚಿಕ್ಕ ಅಧ್ಯಯನಗಳೇ. ಆದರೆ ಕೂದಲು ಬೆಳೆಯುವ ರೀತಿಯ ಬಗ್ಗೆ ಆಮೇಲೆ ಗೊತ್ತಾದದ್ದೆಲ್ಲ ಅದೇ ಮಾತನ್ನು ಹೇಳುತ್ತದೆ.

ನಂಬಿಕೆ ಗಟ್ಟಿಯಾಗಲು ವಯಸ್ಸೂ ಒಂದು ಕಾರಣ. ಹುಡುಗರು ಹದಿನಾರು ಹದಿನೇಳಕ್ಕೆ ಮೊದಲ ಸಲ ಶೇವ್ ಮಾಡುತ್ತಾರೆ. ಆ ವಯಸ್ಸಿನಲ್ಲಿ ಗಡ್ಡ ವರ್ಷದಿಂದ ವರ್ಷಕ್ಕೆ ದಟ್ಟವಾಗುತ್ತಾ ಹೋಗುವುದು ಹೇಗೂ ನಡೆಯುವ ಕೆಲಸ. ಹೆಸರು ಮಾತ್ರ ಬ್ಲೇಡಿಗೆ ಬರುತ್ತದೆ. ಮಕ್ಕಳ ಚೌಲದ ಕಥೆಯೂ ಇದೇ. ಉತ್ತರ ಕರ್ನಾಟಕದಲ್ಲಿ ಜಾವಳ ಎನ್ನುತ್ತಾರೆ. ಮಗುವಿನ ತಲೆ ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಚೌಲ ನಮ್ಮ ಸಂಪ್ರದಾಯ, ಅದಕ್ಕೆ ಅದರದೇ ಅರ್ಥವಿದೆ. ಆದರೆ ಒಂದೆರಡು ವರ್ಷದ ಮಗುವಿನ ನವಿರು ಕೂದಲು ಬೋಳಿಸದಿದ್ದರೂ ದಪ್ಪವಾಗುತ್ತದೆ. ದೊಡ್ಡವರನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ತಿರುಪತಿಯಲ್ಲಿ, ಮಾದಪ್ಪನ ಬೆಟ್ಟದಲ್ಲಿ ಮತ್ತೆ ಮತ್ತೆ ಮುಡಿ ಕೊಟ್ಟವರಿಗೆ ಮೊದಲು ಎಂಥ ಕೂದಲಿತ್ತೋ ಅಂಥದ್ದೇ ವಾಪಸ್ ಬರುತ್ತದೆ.

ಹಾಗಾದರೆ ಮಲ್ಲಿಗೆ ಗಿಡ ಸವರಿದರೆ ಪೊದೆಯಾಗಿ ಚಿಗುರುತ್ತದಲ್ಲ ಎಂದು ನನ್ನನ್ನು ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಗಿಡದ ಕೊಂಬೆಗೆ ಜೀವವಿದೆ. ಅದರ ಗೆಣ್ಣಿನಲ್ಲಿ ಮೊಗ್ಗು ಕಾದಿರುತ್ತದೆ. ತುದಿ ಚಿವುಟಿದಾಗ ಅದಕ್ಕೆ ಬೆಳೆಯಲು ದಾರಿ ಸಿಗುತ್ತದೆ. ಕೂದಲಿನ ಎಳೆಯಲ್ಲಿ ಗೆಣ್ಣೂ ಇಲ್ಲ, ಮೊಗ್ಗೂ ಇಲ್ಲ.

ರೇಜರಿನಿಂದ ಆಗುವ ನಿಜವಾದ ತೊಂದರೆ ಬೇರೆ. ಗೀರು, ಉರಿ, ಸಣ್ಣ ಗುಳ್ಳೆ. ಗುಂಗುರು ಕೂದಲಿನವರಲ್ಲಿ ಕತ್ತರಿಸಿದ ಮೊನೆ ಬಾಗಿ ಮತ್ತೆ ಚರ್ಮದೊಳಕ್ಕೇ ಹೊಕ್ಕು ಊದಿಕೊಳ್ಳುತ್ತದೆ. ಚರ್ಮ ಒದ್ದೆ ಮಾಡಿಕೊಂಡು, ಕೂದಲು ಬೆಳೆದ ದಿಕ್ಕಿನಲ್ಲೇ ಎಳೆದರೆ ಇದು ಕಡಿಮೆ. ಮೊಡವೆ ಇರುವ ಕಡೆ ಬ್ಲೇಡ್ ಬೇಡ. ಇನ್ನೊಬ್ಬರ ಬ್ಲೇಡ್ ಯಾವತ್ತೂ ಬೇಡ, ರಕ್ತದಿಂದ ಹರಡುವ ಹೆಪಟೈಟಿಸ್‌ನಂಥ ಸೋಂಕು ಅದರಲ್ಲಿ ದಾಟಬಹುದು.

ಕ್ರೀಮ್

ಕೂದಲು ತೆಗೆಯುವ ಕ್ರೀಮುಗಳಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೋಲಿಕ್ ಆಮ್ಲದ ಲವಣ ಇರುತ್ತದೆ. ಕೆರಾಟಿನ್ ಎಳೆಗಳನ್ನು ಗಟ್ಟಿಯಾಗಿ ಹಿಡಿದಿರುವ ಗಂಧಕದ ಕೊಂಡಿಗಳನ್ನು ಅದು ಮುರಿಯುತ್ತದೆ. ಆ ವಿಚಿತ್ರ ವಾಸನೆ ಗಂಧಕದ್ದೇ. ಐದು ಹತ್ತು ನಿಮಿಷದಲ್ಲಿ ಕೂದಲು ಮೆತ್ತಗಾಗಿ ಒರೆಸಿದರೆ ಬರುತ್ತದೆ. ಚರ್ಮದ ಬಾಯಿಯಿಂದ ಸ್ವಲ್ಪ ಒಳಗಿನವರೆಗೂ ಕರಗುವುದರಿಂದ ಮತ್ತೆ ಕಾಣಿಸಲು ರೇಜರಿಗಿಂತ ಒಂದೆರಡು ದಿನ ಜಾಸ್ತಿ ಬೇಕು. ತುದಿ ಮೊಂಡಾಗದೆ ಇರುವುದರಿಂದ ಚುಚ್ಚುವುದೂ ಕಡಿಮೆ. ಬುಡಕ್ಕೆ ಏನೂ ಆಗುವುದಿಲ್ಲ.

ನಮ್ಮ ಚರ್ಮದ ಮೇಲ್ಪದರವೂ ಕೆರಾಟಿನ್‌ನಿಂದಲೇ ಆಗಿದೆ ಎನ್ನುವುದನ್ನು ಮರೆಯಬಾರದು. ಹೇಳಿದ ಸಮಯಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಸುಡುತ್ತದೆ. ಮೊದಲು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ಒಂದು ದಿನ ಕಾದು ನೋಡುವುದು ಒಳ್ಳೆಯದು.

ಬುಡದಿಂದ ಕಿತ್ತಾಗ: ವ್ಯಾಕ್ಸ್, ದಾರ, ಎಪಿಲೇಟರ್

ಪಾರ್ಲರಿನಲ್ಲಿ ದಾರದಿಂದ ಐಬ್ರೋ ಮಾಡಿಸುವುದು, ಕೈಕಾಲಿಗೆ ವ್ಯಾಕ್ಸ್ ಹಾಕಿಸುವುದು, ಚಿಮಟದಿಂದ ಕೀಳುವುದು, ಎಪಿಲೇಟರ್ ಓಡಿಸುವುದು, ಇವೆಲ್ಲ ಒಂದೇ ಗುಂಪು. ಕೂದಲು ಬುಡ ಸಮೇತ ಬರುತ್ತದೆ. ಆದರೆ ಬಾವಿ ಅಲ್ಲೇ ಉಳಿಯುತ್ತದೆ. ಅದರ ಗೋಡೆಯ ಮೇಲ್ಭಾಗದಲ್ಲಿ ಮೂಲ ಕೋಶಗಳಿವೆ. ಇವು ಬೀಜದ ಭತ್ತವಿದ್ದ ಹಾಗೆ. ಬೆಳೆ ಪೂರ್ತಿ ಹೋದರೂ ಹೊಸ ಬುಡವನ್ನು ಕಟ್ಟಿಕೊಡುತ್ತವೆ.

ಹೊಸದಾಗಿ ಕಟ್ಟಿ, ಬೆಳೆದು, ಮೇಲೆ ಬರಲು ಸಮಯ ಬೇಕಲ್ವಾ? ಅದಕ್ಕೇ ಕೈಕಾಲಿನಲ್ಲಿ 3ರಿಂದ 6 ವಾರ ನುಣುಪಾಗಿರುತ್ತದೆ. ಹಾಗೆ ಬರುವ ಕೂದಲಿಗೆ ಸಹಜವಾದ ಮೊನಚು ತುದಿ ಇರುತ್ತದೆ, ಅದಕ್ಕೇ ಮೆತ್ತಗೆ. ಬೇರೆ ಬೇರೆ ಹಂತದಲ್ಲಿದ್ದ ಕೂದಲುಗಳು ಬೇರೆ ಬೇರೆ ವಾರ ಮೇಲೆ ಬರುವುದರಿಂದ ತೆಳ್ಳಗೆ ಇದ್ದಂತೆ ಕಾಣುತ್ತದೆ. "ವ್ಯಾಕ್ಸ್ ಮಾಡಿಸಿದರೆ ಕೂದಲು ಕಡಿಮೆಯಾಗುತ್ತೆ, ಶೇವ್ ಮಾಡಿದರೆ ಜಾಸ್ತಿಯಾಗುತ್ತೆ" ಎನ್ನುವ ಮಾತು ಹುಟ್ಟಿದ್ದು ಹೀಗೆ. ನೋಡಲು ಹಾಗೆಯೇ ಇರುತ್ತದೆ, ಬಾವಿಗಳ ಲೆಕ್ಕ ಮಾತ್ರ ಅಷ್ಟೇ ಇರುತ್ತದೆ.

ಆದರೂ ಈ ಮಾತಿನಲ್ಲಿ ಒಂದು ತುಣುಕು ಸತ್ಯವಿದೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೀಳುತ್ತಾ ಹೋದರೆ ಕೆಲವು ಬಾವಿಗಳಿಗೆ ಪೆಟ್ಟಾಗಿ ಕೂದಲು ಸಣ್ಣಗಾಗಬಹುದು, ನಿಲ್ಲಲೂಬಹುದು. ಇದು ಹುಬ್ಬಿನಲ್ಲಿ ಚೆನ್ನಾಗಿ ಕಾಣುತ್ತದೆ. ಬಹಳ ವರ್ಷ ಹುಬ್ಬನ್ನು ಗೆರೆಯಂತೆ ತೆಳ್ಳಗೆ ಮಾಡಿಸಿಕೊಂಡವರಲ್ಲಿ ಕೆಲವರಿಗೆ ಮತ್ತೆ ಬೇಕೆಂದಾಗ ಹುಬ್ಬು ತುಂಬಿಕೊಳ್ಳುವುದಿಲ್ಲ. ಯಾರಿಗೆ ಹಾಗಾಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಹದಿನೈದು ಹದಿನಾರರ ಹುಡುಗಿಯರು ಹುಬ್ಬನ್ನು ತೀರಾ ತೆಳ್ಳಗೆ ಮಾಡಿಸದಿರುವುದೇ ಒಳ್ಳೆಯದು ಎಂದು ನನಗೆ ಅನ್ನಿಸುವುದು ಇದಕ್ಕೇ.

ಕಿತ್ತ ಮೇಲೆ ಹೊಸ ಕೂದಲು ಸರಿಯಾಗಿ ಹೊರಗೆ ಬರದೆ ಚರ್ಮದಡಿ ಸುರುಳಿ ಸುತ್ತಿಕೊಳ್ಳುವುದೂ ಇದೆ. ಅದನ್ನು ಸೂಜಿಯಿಂದ ಕೆದಕಿದರೆ ನಮ್ಮ ಬಣ್ಣದ ಚರ್ಮದಲ್ಲಿ ಕಪ್ಪು ಕಲೆ ಉಳಿದುಬಿಡುತ್ತದೆ.

ಅರಿಶಿನ, ಕಡಲೆಹಿಟ್ಟಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಒಣಗಿದ ಹಿಟ್ಟನ್ನು ಉಜ್ಜಿದಾಗ ಕೆಲವು ನೂಗೂದಲು ಅಂಟಿಕೊಂಡು ಬರುತ್ತವೆ, ಕೆಲವು ತುಂಡಾಗುತ್ತವೆ. ಅರಿಶಿನ ಹಚ್ಚಿದರೆ ಬುಡ ಸಾಯುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆಯಿಲ್ಲ. ಹಸುಗೂಸಿನ ಬೆನ್ನು, ಭುಜದ ಕೂದಲು ಹೋಗಲೆಂದು ಹಿಟ್ಟು ಹಾಕಿ ಉಜ್ಜುತ್ತಾರಲ್ಲ, ಆ ಕೂದಲು ಹುಟ್ಟಿದ ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ತಾನಾಗಿಯೇ ಉದುರುತ್ತದೆ. ಮಗುವಿನ ಎಳೆ ಚರ್ಮವನ್ನು ಕೆಂಪಗೆ ತಿಕ್ಕುವ ಅಗತ್ಯ ಖಂಡಿತ ಇಲ್ಲ.

ಲೇಸರ್: ಬಾವಿಯ ತಳಕ್ಕೆ ಹೋಗುವ ಬೆಳಕು

ಇಲ್ಲಿಂದ ಆಟ ಬದಲಾಗುತ್ತದೆ. ಬಿಸಿಲಿನಲ್ಲಿ ಕಪ್ಪು ಬಟ್ಟೆ ಬಿಳಿ ಬಟ್ಟೆಗಿಂತ ಬೇಗ ಕಾಯುತ್ತದೆ. ಲೇಸರ್ ಕೆಲಸ ಮಾಡುವುದು ಇದೇ ಸೂತ್ರದ ಮೇಲೆ. ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಲೇಸರ್ ಬೆಳಕನ್ನು ಹೀರಿ ಕ್ಷಣಮಾತ್ರದಲ್ಲಿ ಕಾಯುತ್ತದೆ. ಆ ಬಿಸಿ ಸುತ್ತಲಿನ ಮೂಲ ಕೋಶಗಳಿಗೆ ಹರಡಿ ಅವನ್ನು ಹಾಳು ಮಾಡುತ್ತದೆ. ಬೀಜವೇ ಸುಟ್ಟರೆ ಬೆಳೆ ಎಲ್ಲಿಂದ? ಬಣ್ಣ ನೋಡಿ ಬೇಕಾದ್ದನ್ನಷ್ಟೇ ಕಾಯಿಸುವ ಈ ತತ್ವವನ್ನು 1983ರಲ್ಲಿ ಅಮೆರಿಕದ ವೈದ್ಯರಾದ ಆಂಡರ್ಸನ್ ಮತ್ತು ಪ್ಯಾರಿಶ್ ವಿವರಿಸಿದರು.

ಇದರಿಂದಲೇ ಲೇಸರ್‌ನ ಎಲ್ಲ ಕಟ್ಟುಪಾಡುಗಳೂ ಅರ್ಥವಾಗುತ್ತವೆ. ಬಿಳಿ ಕೂದಲಿಗೆ ಬಣ್ಣವಿಲ್ಲ, ಹಾಗಾಗಿ ಲೇಸರ್ ನಾಟುವುದಿಲ್ಲ. ಬೆಳೆಯುವ ಹಂತದ ಕೂದಲು ಮಾತ್ರ ಬುಡದವರೆಗೂ ಗಟ್ಟಿಯಾಗಿ ಕೂತು ಬಿಸಿಯನ್ನು ಕೆಳಗೆ ಮುಟ್ಟಿಸುತ್ತದೆ. ಮಲಗಿರುವವು ತಪ್ಪಿಸಿಕೊಳ್ಳುತ್ತವೆ. ಅವು ಎದ್ದ ಮೇಲೆ ಮತ್ತೆ ಹೋಗಬೇಕು. ಸಾಮಾನ್ಯವಾಗಿ 4ರಿಂದ 8 ವಾರಗಳ ಅಂತರದಲ್ಲಿ 6ರಿಂದ 8 ಸಲ. ಅದಕ್ಕೂ ಮೊದಲಿನ ಒಂದು ತಿಂಗಳು ವ್ಯಾಕ್ಸ್, ದಾರ ಬೇಡ ಎನ್ನುತ್ತಾರೆ. ಕಿತ್ತುಬಿಟ್ಟರೆ ಬೆಳಕನ್ನು ಹೀರಲು ಬುಡದಲ್ಲಿ ಕೂದಲೇ ಇರುವುದಿಲ್ಲ. ಆದರೆ ಹಿಂದಿನ ದಿನ ಶೇವ್ ಮಾಡಿಕೊಂಡು ಬನ್ನಿ ಎಂದು ಡಾಕ್ಟರೇ ಹೇಳುತ್ತಾರೆ, ಮುಖಕ್ಕೂ ಸಹ. ಅಕ್ಕನ ಮಗಳಿಗೆ ಇದನ್ನು ಹೇಳಿದಾಗಲೇ ರೇಜರಿನ ಬಗ್ಗೆ ಅವಳಿಗೆ ಧೈರ್ಯ ಬಂದದ್ದು.

ಈಗ ನಮ್ಮ ಚರ್ಮದ ವಿಷಯ. ಮೆಲನಿನ್ ಇರುವುದು ಕೂದಲಿನಲ್ಲಿ ಮಾತ್ರವಲ್ಲ, ಚರ್ಮದಲ್ಲೂ ಇದೆ. ಗೋಧಿ ಬಣ್ಣ, ಎಣ್ಣೆಗೆಂಪು, ಕಪ್ಪು ಬಣ್ಣದವರಲ್ಲಿ ಚರ್ಮವೂ ಬೆಳಕು ಹೀರಿ ಸುಡಬಹುದು, ಕಲೆಯಾಗಬಹುದು. ಹಾಗಾಗಿ ಯಾವ ಯಂತ್ರ ಎನ್ನುವುದು ಮುಖ್ಯ. ಬೆಳಕಿನ ಅಲೆ ಉದ್ದವಾದಷ್ಟೂ ಚರ್ಮದ ಮೇಲ್ಪದರ ಅದನ್ನು ಕಡಿಮೆ ಹೀರುತ್ತದೆ, ಬೆಳಕು ಆಳಕ್ಕೆ ಹೋಗುತ್ತದೆ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಲೇಸರ್ ಬಿಳಿ ಚರ್ಮದವರಿಗೆ ಹೊಂದುತ್ತದೆ. 800ರ ಆಸುಪಾಸಿನ ಡಯೋಡ್ ಅನ್ನು ಎಚ್ಚರದಿಂದ ನಮ್ಮ ಬಣ್ಣಕ್ಕೂ ಬಳಸುತ್ತಾರೆ. ಹೆಚ್ಚು ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಹೆಚ್ಚು ಸುರಕ್ಷಿತ. ದುಡ್ಡು ಕಟ್ಟುವ ಮೊದಲು "ಯಾವ ಲೇಸರ್, ನನ್ನ ಬಣ್ಣಕ್ಕೆ ಆಗುತ್ತಾ, ಮಾಡುವವರು ಯಾರು" ಎಂದು ಕೇಳಲು ಸಂಕೋಚ ಬೇಡ. ಮನೆಯಲ್ಲಿ ಬಳಸುವ ಐಪಿಎಲ್ ಯಂತ್ರ ಲೇಸರ್ ಅಲ್ಲ, ಹಲವು ಬಣ್ಣದ ಬೆಳಕು ಬೆರೆತ ಮಿಂಚು. ಶಕ್ತಿಯೂ ಕಡಿಮೆ. ಅದರ ಡಬ್ಬಿಯ ಮೇಲೆ ಚರ್ಮದ ಬಣ್ಣದ ಪಟ್ಟಿ ಇರುತ್ತದೆ. ನಿಮ್ಮ ಬಣ್ಣ ಬೇಡವೆಂದ ಸಾಲಿನಲ್ಲಿದ್ದರೆ ದಯವಿಟ್ಟು ಬಳಸಬೇಡಿ. ಹುಬ್ಬಿನ ಕೆಳಗೆ, ಕಣ್ಣಿನ ಹತ್ತಿರ ಯಾವ ಬೆಳಕಿನ ಯಂತ್ರವೂ ಬೇಡ. ಕಣ್ಣಿಗೇ ಅಪಾಯ.

"ಪರ್ಮನೆಂಟ್" ಎಂಬ ಪದದ ಬಗ್ಗೆಯೂ ತಿಳಿದಿರಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೇಸರ್‌ಗೆ ಒಪ್ಪಿರುವುದು ಕೂದಲು ಶಾಶ್ವತವಾಗಿ ಕಡಿಮೆಯಾಗುತ್ತದೆ ಎಂಬ ಮಾತನ್ನು. ಪೂರ್ತಿ ಹೋಗುತ್ತದೆ ಎಂದಲ್ಲ. ಬರುವವು ಸಣ್ಣಗೆ, ತೆಳು ಬಣ್ಣದಲ್ಲಿ ಬರುತ್ತವೆ. ವರ್ಷಕ್ಕೊಮ್ಮೆಯೋ ಎರಡು ಸಲವೋ ಮತ್ತೆ ಮಾಡಿಸಬೇಕಾಗಬಹುದು.

ಇನ್ನೂ ಒಂದು ವಿಚಿತ್ರವಿದೆ. ರೇಜರಿನಿಂದ ಆಗುತ್ತದೆ ಎಂದು ನಾವು ಹೆದರುವುದು ಅಪರೂಪಕ್ಕೆ ಲೇಸರ್‌ನಿಂದ ನಿಜವಾಗಿಯೂ ಆಗುತ್ತದೆ. ಕೆಲವರಿಗೆ ಲೇಸರ್ ಮಾಡಿದ ಜಾಗದಲ್ಲೋ ಅದರ ಪಕ್ಕದಲ್ಲೋ ನೂಗೂದಲು ದಪ್ಪ ಕೂದಲಾಗುತ್ತದೆ. ಕಪ್ಪು ಚರ್ಮದವರಲ್ಲಿ, ಕೆನ್ನೆ, ಗದ್ದ, ಕುತ್ತಿಗೆಯಲ್ಲಿ, ಹಾರ್ಮೋನು ತೊಂದರೆ ಇರುವವರಲ್ಲಿ ಇದು ಹೆಚ್ಚು ಕಂಡುಬಂದಿದೆ. ಬುಡವನ್ನು ಸಾಯಿಸಲು ಸಾಲದಷ್ಟು ಬಿಸಿ ಅದನ್ನು ಎಬ್ಬಿಸಿಬಿಡುತ್ತದೆ ಎನ್ನುವುದು ಈಗಿರುವ ವಿವರಣೆಗಳಲ್ಲಿ ಒಂದು. ಕೆನ್ನೆಯ ನೂಗೂದಲಿಗೆ ಲೇಸರ್ ಬೇಡ ಎಂದು ಒಳ್ಳೆಯ ಚರ್ಮವೈದ್ಯರು ಹೇಳುವುದು ಇದಕ್ಕೇ.

ಸೂಜಿಯ ವಿಧಾನ

ಎಲೆಕ್ಟ್ರಾಲಿಸಿಸ್ ಲೇಸರ್‌ಗಿಂತ ಬಹಳ ಹಳೆಯದು. ಕಣ್ಣಿನೊಳಕ್ಕೆ ಬೆಳೆದು ಚುಚ್ಚುವ ರೆಪ್ಪೆಗೂದಲನ್ನು ತೆಗೆಯಲು 1875ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರ್ ಚಾರ್ಲ್ಸ್ ಮೈಕೆಲ್ ಇದರ ಬಗ್ಗೆ ಬರೆದರು. ಕೂದಲಿನಷ್ಟೇ ತೆಳ್ಳನೆಯ ಸೂಜಿಯನ್ನು ಬಾವಿಯೊಳಗೆ ಇಳಿಸಿ ಸಣ್ಣ ವಿದ್ಯುತ್ ಹರಿಸುತ್ತಾರೆ. ಬಣ್ಣದ ಹಂಗಿಲ್ಲ, ಬಿಳಿ ಕೂದಲಿಗೂ ಆಗುತ್ತದೆ. ಶಾಶ್ವತವಾಗಿ ತೆಗೆಯುತ್ತದೆ ಎಂದು ಹೇಳಿಕೊಳ್ಳಲು ಎಫ್‌ಡಿಎ ಒಪ್ಪಿರುವುದು ಇದನ್ನೇ. ಆದರೆ ಒಂದೊಂದೇ ಕೂದಲಿಗೆ ಮಾಡಬೇಕು. ಗದ್ದದ ಮೇಲಿನ ನಾಲ್ಕಾರು ಕೂದಲಿಗೆ ಸರಿ, ಇಡೀ ಕಾಲಿಗೆ ಆಗದ ಮಾತು.

ಕೂದಲಿಗೆ ಅಪ್ಪಣೆ ಕೊಡುವವರು

ಯಾವ ವಿಧಾನವೂ ಕಾರಣವಲ್ಲದೆ ಕೂದಲು ನಿಜವಾಗಿ ದಪ್ಪವಾಗುತ್ತಿದ್ದರೆ ನೋಡಬೇಕಾದದ್ದು ಹಾರ್ಮೋನುಗಳನ್ನು. ಆಂಡ್ರೋಜೆನ್ ಎಂಬ ಹಾರ್ಮೋನುಗಳು ಗಂಡಸರಲ್ಲಿ ಜಾಸ್ತಿ, ಹೆಂಗಸರಲ್ಲೂ ಸ್ವಲ್ಪ ಇರುತ್ತವೆ. ನೂಗೂದಲಿಗೆ ದಪ್ಪವಾಗು ಎಂದು ಹೇಳುವವು ಇವೇ. ಹೆಂಗಸರ ಮೇಲ್ತುಟಿಯಲ್ಲಿ, ಕೈಕಾಲಿನಲ್ಲಿ ಕೂದಲಿರುವುದು ಹೆಚ್ಚಿನ ಪಾಲು ಮನೆತನದಿಂದ ಬಂದದ್ದು, ಅದು ಕಾಯಿಲೆಯಲ್ಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಗದ್ದದ ಮೇಲೆ ಒಂದೆರಡು ಗಟ್ಟಿ ಕೂದಲು ಬರುವುದೂ ಸಾಮಾನ್ಯ.

ಆದರೆ ಗದ್ದ, ಎದೆ, ಹೊಟ್ಟೆಯ ನಡುಗೆರೆಯಲ್ಲಿ ಕಪ್ಪು ಕೂದಲು ಹೆಚ್ಚುತ್ತಾ ಹೋಗಿ, ಜೊತೆಗೆ ಮುಟ್ಟು ಏರುಪೇರಾದರೆ, ಮೊಡವೆ, ತೂಕ ಹೆಚ್ಚಾದರೆ ಡಾಕ್ಟರಿಗೆ ತೋರಿಸಬೇಕು. ಪಿಸಿಒಡಿ, ಪಿಸಿಒಎಸ್ ಎಂದು ನಾವು ಕೇಳುವ ತೊಂದರೆ ಸುಮಾರು ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇದೆ. ಅದರಲ್ಲಿ ಆಂಡ್ರೋಜೆನ್ ಹೆಚ್ಚಾಗಿರುತ್ತದೆ. ಇಂಥವರು ಅದಕ್ಕೆ ಚಿಕಿತ್ಸೆ ಪಡೆಯದೆ ಬರೀ ಲೇಸರ್ ಮಾಡಿಸಿದರೆ, ಸುಟ್ಟ ಬಾವಿಯ ಪಕ್ಕದ ನೂಗೂದಲಿಗೆ ಹೊಸದಾಗಿ ಅಪ್ಪಣೆ ಹೋಗುತ್ತಲೇ ಇರುತ್ತದೆ. ಇನ್ನು ಕೆಲವೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಕೂದಲು ಹೆಚ್ಚಿ, ದನಿ ಗಡಸಾದರೆ, ತಲೆಗೂದಲು ಗಂಡಸರ ಹಾಗೆ ಹಿಂದೆ ಸರಿದರೆ ತಡ ಮಾಡಲೇಬಾರದು. ಅಪರೂಪಕ್ಕೆ ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿಯ ಗೆಡ್ಡೆ ಹೀಗೆ ತೋರಿಸಿಕೊಳ್ಳುತ್ತದೆ. ತಲೆಗೂದಲಿಗೆಂದು ಹಚ್ಚುವ ಮಿನಾಕ್ಸಿಡಿಲ್, ಕೆಲವು ಸ್ಟೀರಾಯ್ಡ್ ಮಾತ್ರೆಗಳಿಂದಲೂ ಮುಖದ ಕೂದಲು ಹೆಚ್ಚಬಹುದು. ಏನೇನು ಬಳಸುತ್ತಿದ್ದೀರಿ ಎಂದು ಡಾಕ್ಟರಿಗೆ ಎಲ್ಲವನ್ನೂ ಹೇಳಿ.

ಸ್ತ್ರೀರೋಗ ತಜ್ಞರು, ಚರ್ಮವೈದ್ಯರು, ಹಾರ್ಮೋನು ತಜ್ಞರು ಮೂವರಲ್ಲಿ ಯಾರ ಬಳಿ ಬೇಕಾದರೂ ಶುರು ಮಾಡಬಹುದು. ರಕ್ತ ಪರೀಕ್ಷೆ, ಬೇಕಾದರೆ ಹೊಟ್ಟೆಯ ಸ್ಕ್ಯಾನ್ ಹೇಳುತ್ತಾರೆ. ಮಾತ್ರೆ ಕೊಟ್ಟರೆ ಕೂದಲಿನಲ್ಲಿ ವ್ಯತ್ಯಾಸ ಕಾಣಲು ಸುಮಾರು 6 ತಿಂಗಳು ಬೇಕು. ಈಗಾಗಲೇ ಬೆಳೆಯುತ್ತಿರುವ ಕೂದಲು ತನ್ನ ಕಾಲ ಮುಗಿಸಿ ಉದುರಬೇಕಲ್ಲ, ಅದಕ್ಕೆ. ಅಲ್ಲಿಯವರೆಗೆ ಮುಖದ ಕೂದಲನ್ನು ರೇಜರಿನಿಂದ ತೆಗೆದರೂ, ದಾರದಿಂದ ತೆಗೆದರೂ ಆ ಚಿಕಿತ್ಸೆಗೆ ಅಡ್ಡಿಯಿಲ್ಲ.